ಮಾಹಿತಿ ಹಕ್ಕಿನ ಅರ್ಜಿ: ಮೂವತ್ತನೇ ದಿನದ ನಂತರವೂ ಬೆನ್ನು ಬಿಡದಿರುವ ಬಗೆ

ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಲು ಹತ್ತು ರೂಪಾಯಿ ಸಾಕು. ಆ ಅರ್ಜಿಗೆ ಉತ್ತರ ಬರುವವರೆಗೆ ಹಿಡಿದದ್ದನ್ನು ಬಿಡದೆ ಇರುವುದು ಬೇರೆಯೇ ಕೆಲಸ. ಮೂವತ್ತು ದಿನ ಕಾದು, ಉತ್ತರ ಬಾರದಾಗ ನಾಲ್ಕು ಸಲ ಕಚೇರಿಗೆ ಅಲೆದು, ಗುಮಾಸ್ತರ ಜೊತೆ ಜಗಳವಾಡಿ, ಕೊನೆಗೆ ‘ಎಲ್ಲ ಇಷ್ಟೇ’ ಎಂದು ಕೈಬಿಡುವವರೇ ಹೆಚ್ಚು. ಹೀಗೆ ಕೈಬಿಟ್ಟವರಲ್ಲಿ ಬಹಳ ಮಂದಿ ಕಾನೂನಿನ ಪ್ರಕಾರ ಸೋತವರಲ್ಲ. ಮುಂದಿನ ಕಾಗದವನ್ನು ಸರಿಯಾದ ದಿನಕ್ಕೆ ಹಾಕದೆ ಹೋದವರು, ಅಷ್ಟೇ.

ಈ ಕಾನೂನಿನಲ್ಲಿ ಛಲಕ್ಕೆ ದಿನಗಳ ಲೆಕ್ಕವಿದೆ: 30 ದಿನ, 45 ದಿನ, 90 ದಿನ. ಕೂಗಾಟ ಬೇಕಿಲ್ಲ, ಶಿಫಾರಸು ಬೇಕಿಲ್ಲ, ವಕೀಲರೂ ಬಹುಪಾಲು ಬೇಕಿಲ್ಲ. ಒಂದು ಕಡತ, ಒಂದು ಕ್ಯಾಲೆಂಡರು, ಒಂದಿಷ್ಟು ಝೆರಾಕ್ಸ್ ಇದ್ದರೆ ಸಾಕು. ಕಾಯ್ದೆ ಹುಟ್ಟಿದ್ದೂ ಇದೇ ಬಗೆಯಲ್ಲಿ. ರಾಜಸ್ಥಾನದ ಹಳ್ಳಿಗಳ ಕೂಲಿಕಾರರು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಹೆಸರಿನಲ್ಲಿ ಹಾಜರಿ ಪಟ್ಟಿ ಮತ್ತು ಬಿಲ್ಲುಗಳ ನಕಲು ಕೇಳಲು ಶುರು ಮಾಡಿದ್ದು 1990ರ ದಶಕದ ಮೊದಲರ್ಧದಲ್ಲಿ. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ದೀರ್ಘ ಧರಣಿ ಕೂತರು. ಕರ್ನಾಟಕ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಅಧಿನಿಯಮ ಮಾಡಿಕೊಂಡಿತ್ತು. ಇಡೀ ದೇಶಕ್ಕೆ ಅನ್ವಯವಾಗುವ ಕಾಯ್ದೆ ಪೂರ್ಣವಾಗಿ ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ರಂದು.

ಅರ್ಜಿಯನ್ನು ಕೊನೆ ಮುಟ್ಟಿಸುವ ದಾರಿಯನ್ನು ಒಂದು ಉದಾಹರಣೆ ಹಿಡಿದು ನೋಡೋಣ. 2023-24ರಲ್ಲಿ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಗ್ರಾಮ ಪಂಚಾಯಿತಿ ಒಂದು ಸಿಮೆಂಟ್ ರಸ್ತೆ ಮಾಡಿಸಿದೆ. ವರ್ಷ ತುಂಬುವ ಮೊದಲೇ ರಸ್ತೆ ಕಿತ್ತುಬಂದಿದೆ. ಎಷ್ಟು ಖರ್ಚಾಯಿತು, ಎಷ್ಟು ದಪ್ಪಕ್ಕೆ ಬಿಲ್ಲಾಯಿತು ಎಂದು ತಿಳಿಯಬೇಕು.

ಮೊದಲು, ಇದು ಮಾಹಿತಿ ಹಕ್ಕಿನ ಕೆಲಸವೇ?

ಮಾಹಿತಿ ಹಕ್ಕಿನಿಂದ ಸಿಗುವುದು ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆ. ರಸ್ತೆ ದುರಸ್ತಿ ಮಾಡಿ, ಪಿಂಚಣಿ ಮಂಜೂರು ಮಾಡಿ ಎಂದು ಇಲ್ಲಿ ಕೇಳಲು ಬರುವುದಿಲ್ಲ. ಜಾತಿ ಪ್ರಮಾಣಪತ್ರ, ಖಾತೆ ಬದಲಾವಣೆಯಂಥ ಸೇವೆ ತಡವಾಗಿದ್ದರೆ, ಸರ್ಕಾರಿ ಸೇವೆಗಳನ್ನು ನಿಗದಿತ ದಿನದೊಳಗೆ ಕೊಡಬೇಕೆನ್ನುವ ಸಕಾಲ ಕಾಯ್ದೆಯ ದಾರಿ ಹಿಡಿಯಿರಿ. ಅದರಲ್ಲಿ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಇದೆ.

‘ರಸ್ತೆ ಯಾಕೆ ಕಳಪೆಯಾಗಿದೆ?’, ‘ಯಾರು ಹೊಣೆ?’, ‘ಇದು ನ್ಯಾಯವೇ?’ ಎನ್ನುವಂಥ ಪ್ರಶ್ನೆಗಳಿಗೂ ಇಲ್ಲಿ ಉತ್ತರ ಸಿಗದು. ಕಚೇರಿಯಲ್ಲಿ ಇಲ್ಲದ ಮಾಹಿತಿಯನ್ನು ಹೊಸದಾಗಿ ಸೃಷ್ಟಿಸಿ ಕೊಡಬೇಕಾಗಿಲ್ಲ ಎಂದು 2011ರಲ್ಲಿ ಸಿಬಿಎಸ್‌ಇ ಉತ್ತರಪತ್ರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. (ವಿದ್ಯಾರ್ಥಿ ತನ್ನ ಉತ್ತರಪತ್ರಿಕೆಯನ್ನು ನೋಡಬಹುದು, ನಕಲು ಪಡೆಯಬಹುದು ಎಂದದ್ದೂ ಅದೇ ತೀರ್ಪು.) ಹಾಗಾಗಿ ‘ಯಾಕೆ’ ಎಂಬುದನ್ನು ಕೈಬಿಟ್ಟು ‘ಯಾವ ಕಾಗದ’ ಎಂದು ಯೋಚಿಸಿ. ರಸ್ತೆ ಕಳಪೆ ಯಾಕೆ ಎಂಬುದರ ಉತ್ತರ ಅಂದಾಜು ಪಟ್ಟಿಯಲ್ಲಿ ಮತ್ತು ಆದ ಕೆಲಸದ ಉದ್ದ, ಅಗಲ, ದಪ್ಪ ಬರೆದಿಡುವ ಅಳತೆ ಪುಸ್ತಕದಲ್ಲಿದೆ. ಆ ಎರಡನ್ನು ಕೇಳಿ.

ಸಹಕಾರ ಸಂಘಗಳ ವಿಷಯದಲ್ಲಿ ಹಲವರು ಎಡವುತ್ತಾರೆ. ಸರ್ಕಾರದ ಗಣನೀಯ ಹಣಕಾಸಿನ ನೆರವು ಅಥವಾ ನಿಯಂತ್ರಣ ಇಲ್ಲದ ಸಹಕಾರ ಸಂಘ ನೇರವಾಗಿ ಈ ಕಾಯ್ದೆಯಡಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟಿನ 2013ರ ತಲಪ್ಪಾಲಂ ತೀರ್ಪು ಹೇಳುತ್ತದೆ. ಅಂಥ ಸಂಘದ ಬಗ್ಗೆ ಸಹಕಾರ ಇಲಾಖೆಯ ನಿಬಂಧಕರು ಕಾನೂನುಬದ್ಧವಾಗಿ ಪಡೆಯಬಹುದಾದ ದಾಖಲೆಗಳಿದ್ದರೆ, ಅರ್ಜಿಯನ್ನು ನಿಬಂಧಕರ ಕಚೇರಿಗೇ ಹಾಕಿ.

ಅರ್ಜಿ ಬರೆಯುವುದು

ಮುಂದೆ ಮೇಲ್ಮನವಿಯಲ್ಲಿ ಗೆಲ್ಲುತ್ತೀರೋ ಸೋಲುತ್ತೀರೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಈ ಒಂದು ಪುಟದಲ್ಲೇ. ಕರ್ನಾಟಕದ ನಿಯಮಗಳಿಗೆ 2008ರಲ್ಲಿ ಆದ ತಿದ್ದುಪಡಿಯಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ರಸ್ತೆ, ಚರಂಡಿ, ಬೀದಿದೀಪ ಮೂರನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ‘ಒಂದಕ್ಕಿಂತ ಹೆಚ್ಚು ವಿಷಯ’ ಎಂಬ ಹಿಂಬರಹ ಬರುತ್ತದೆ, ಮೂವತ್ತು ದಿನ ವ್ಯರ್ಥ. ಮೂರು ವಿಷಯಕ್ಕೆ ಮೂರು ಅರ್ಜಿ. ಕೇಂದ್ರ ಸರ್ಕಾರದ ಕಚೇರಿಗಳಿಗೆ, ಅಂದರೆ ಅಂಚೆ, ರೈಲ್ವೆ, ರಾಷ್ಟ್ರೀಕೃತ ಬ್ಯಾಂಕುಗಳಿಗೆ ಈ ಮಿತಿ 500 ಪದ.

ಭಾಷೆ ಕನ್ನಡವಿರಲಿ. ರಾಜ್ಯದ ಕಚೇರಿ ಕನ್ನಡದ ಅರ್ಜಿಯನ್ನು ನಿರಾಕರಿಸುವಂತಿಲ್ಲ. ‘ನಮೂನೆ ಎ’ಯಲ್ಲೇ ತುಂಬಿ, ತಕರಾರಿಗೆ ಎಡೆ ಇರುವುದಿಲ್ಲ. ಮಾಹಿತಿ ಯಾಕೆ ಬೇಕು ಎಂದು ಬರೆಯಲೇಬೇಡಿ. ಕಲಂ 6(2)ರ ಪ್ರಕಾರ ಅದನ್ನು ಅವರು ಕೇಳುವ ಹಾಗೂ ಇಲ್ಲ. ಅರ್ಜಿ ನಾಗರಿಕರೊಬ್ಬರ ಹೆಸರಿನಲ್ಲಿರಲಿ, ಯುವಕ ಸಂಘದ ಲೆಟರ್‌ಹೆಡ್ ಬೇಡ. ಹಕ್ಕು ನಾಗರಿಕರದ್ದು, ಸಂಘದ್ದಲ್ಲ.

ನಮ್ಮ ಉದಾಹರಣೆಯ ಅರ್ಜಿಯ ಒಡಲು ಹೀಗಿರಬಹುದು:

> ವಿಷಯ: 2023-24ನೇ ಸಾಲಿನಲ್ಲಿ ........ ಗ್ರಾಮದ ........ ಬೀದಿಯಲ್ಲಿ ನಡೆದ ಸಿಮೆಂಟ್ ಕಾಂಕ್ರೀಟ್ ರಸ್ತೆ ಕಾಮಗಾರಿ.
>
> ಮೇಲ್ಕಂಡ ಕಾಮಗಾರಿಗೆ ಸಂಬಂಧಿಸಿದ ಈ ಕೆಳಗಿನ ದಾಖಲೆಗಳ ದೃಢೀಕೃತ ನಕಲುಗಳನ್ನು ಒದಗಿಸಬೇಕಾಗಿ ಕೋರುತ್ತೇನೆ.
> 1. ಕ್ರಿಯಾ ಯೋಜನೆಯಲ್ಲಿ ಈ ಕಾಮಗಾರಿ ನಮೂದಾಗಿರುವ ಪುಟ
> 2. ತಾಂತ್ರಿಕ ಮಂಜೂರಾತಿ ಪಡೆದ ಅಂದಾಜು ಪಟ್ಟಿ
> 3. ಕಾರ್ಯಾದೇಶ
> 4. ಅಳತೆ ಪುಸ್ತಕದ ಸಂಬಂಧಿತ ಪುಟಗಳು
> 5. ಪಾವತಿಯಾದ ಬಿಲ್ಲು ಮತ್ತು ವೋಚರುಗಳು
> 6. ಕಾಮಗಾರಿಯ ಮೊದಲು, ನಡುವೆ ಮತ್ತು ಮುಗಿದ ನಂತರ ತೆಗೆದ ಕಡತದಲ್ಲಿರುವ ಫೋಟೊಗಳು
>
> ಕೋರಿದ ದಾಖಲೆಗಳು ಬೇರೆ ಪ್ರಾಧಿಕಾರದಲ್ಲಿದ್ದರೆ ಕಲಂ 6(3)ರಂತೆ ಅರ್ಜಿಯನ್ನು ವರ್ಗಾಯಿಸಿ ನನಗೆ ತಿಳಿಸಬೇಕಾಗಿ ಕೋರುತ್ತೇನೆ.

ಸಂಖ್ಯೆ ಹಾಕಿದ ಆರು ಸಾಲು. ಅದರ ಲಾಭ ಆಮೇಲೆ ಗೊತ್ತಾಗುತ್ತದೆ: 1, 2, 3, 5 ಬಂದು 4 ಮತ್ತು 6 ಬಾರದಿದ್ದರೆ ಮೇಲ್ಮನವಿಯಲ್ಲಿ ‘ಕ್ರಮಸಂಖ್ಯೆ 4 ಮತ್ತು 6 ಒದಗಿಸಿಲ್ಲ’ ಎಂದು ಒಂದೇ ಸಾಲಿನಲ್ಲಿ ಹೇಳಬಹುದು. ‘ಕಾಮಗಾರಿಯ ಸಂಪೂರ್ಣ ಮಾಹಿತಿ ಕೊಡಿ’ ಎಂದು ಕೇಳಿದವರಿಗೆ ಎರಡು ಹಾಳೆ ಕೊಟ್ಟು ‘ಸಂಪೂರ್ಣ ಕೊಟ್ಟಿದ್ದೇವೆ’ ಎನ್ನುತ್ತಾರೆ. ಆಗ ಏನು ಬಾಕಿಯಿದೆ ಎಂದು ತೋರಿಸಲು ಅರ್ಜಿದಾರರ ಬಳಿ ಏನೂ ಇರುವುದಿಲ್ಲ.

‘ಕಳೆದ ಹತ್ತು ವರ್ಷಗಳ ಎಲ್ಲ ಕಾಮಗಾರಿಗಳ ಎಲ್ಲ ದಾಖಲೆ’ ಎಂದು ಕೇಳುವುದು ಶೌರ್ಯದಂತೆ ಕಾಣುತ್ತದೆ, ಆದರೆ ಅದು ಅಧಿಕಾರಿಗೆ ಕೊಟ್ಟ ಉಡುಗೊರೆ. ‘ಮಾಹಿತಿ ಬೃಹತ್ ಪ್ರಮಾಣದಲ್ಲಿದೆ, ಬಂದು ಪರಿಶೀಲಿಸಿ’ ಎಂಬ ಉತ್ತರ ಖಂಡಿತ. ಕಲಂ 7(9) ಕೊಡುವ ಸ್ವರೂಪವನ್ನು ಬದಲಿಸಲು ಅವಕಾಶ ಕೊಡುತ್ತದೆಯೇ ಹೊರತು ಮಾಹಿತಿ ನಿರಾಕರಿಸಲು ಅಲ್ಲ. ಆದರೂ ಆ ವಾದಕ್ಕೆ ಸಿಕ್ಕಿಕೊಂಡರೆ ಆರು ತಿಂಗಳು ಹೋಗುತ್ತದೆ.

ಕೊಡುವುದು, ಸ್ವೀಕೃತಿ ಪಡೆಯುವುದು

ಗ್ರಾಮ ಪಂಚಾಯಿತಿಯಲ್ಲಿ ಸಾರ್ವಜನಿಕ ಮಾಹಿತಿ ಅಧಿಕಾರಿ ಸಾಮಾನ್ಯವಾಗಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಪ್ರಥಮ ಮೇಲ್ಮನವಿ ಪ್ರಾಧಿಕಾರ ಸಾಮಾನ್ಯವಾಗಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ. ಎರಡೂ ಹೆಸರು ಕಚೇರಿಯ ಫಲಕದಲ್ಲಿರಬೇಕು. ಮೊದಲ ಭೇಟಿಯಲ್ಲೇ ಫೋನಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ವಿಳಾಸದಲ್ಲಿ ಅಧಿಕಾರಿಯ ಸ್ವಂತ ಹೆಸರು ಬೇಡ, ಹುದ್ದೆ ಮಾತ್ರ ಬರೆಯಿರಿ. ವರ್ಗಾವಣೆ ಆದರೂ ಅರ್ಜಿ ಅಲ್ಲೇ ಉಳಿಯುತ್ತದೆ.

ಶುಲ್ಕ 10 ರೂಪಾಯಿ. ಹೆಚ್ಚಿನವರು ಪೋಸ್ಟಲ್ ಆರ್ಡರ್ ಹಚ್ಚುತ್ತಾರೆ. ಯಾರ ಹೆಸರಿಗೆ ಬರೆಯಬೇಕೆಂದು ಆ ಕಚೇರಿಯಲ್ಲೇ ಕೇಳಿ, ಖಾಲಿ ಬಿಡಬೇಡಿ. ಪೋಸ್ಟಲ್ ಆರ್ಡರಿನ ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಿ, ಅದರ ಝೆರಾಕ್ಸ್ ಇಟ್ಟುಕೊಳ್ಳಿ. ‘ಶುಲ್ಕ ಲಗತ್ತಿಸಿಲ್ಲ’ ಎಂಬ ಹಿಂಬರಹಕ್ಕೆ ಆ ಝೆರಾಕ್ಸೇ ಉತ್ತರ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ, ಆದರೆ ಕಾರ್ಡಿನ ಪ್ರತಿ ಲಗತ್ತಿಸಬೇಕು.

ಕೈಯಲ್ಲಿ ಕೊಡುವುದಾದರೆ ಎರಡು ಪ್ರತಿ ಒಯ್ಯಿರಿ. ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ ಮೂರೂ ಬೇಕು. ‘ಸಾಹೇಬರು ಇಲ್ಲ, ನಾಳೆ ಬನ್ನಿ’ ಎಂದರೆ ವಾದ ಬೇಡ, ನೇರ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ. ರಸೀದಿ ಬಣ್ಣ ಮಾಸುವ ಕಾಗದದಲ್ಲಿ ಬರುತ್ತದೆ, ಅದೇ ದಿನ ಝೆರಾಕ್ಸ್ ಮಾಡಿಸಿ. ಕೆಲವು ದಿನ ಬಿಟ್ಟು ತಲುಪಿದ ವಿವರವನ್ನು ಅಂಚೆ ಇಲಾಖೆಯ ಜಾಲತಾಣದಿಂದ ಮುದ್ರಿಸಿ. ತಿಂಗಳುಗಳಾದ ಮೇಲೆ ಹುಡುಕಿದರೆ ಆ ಪುಟ ಅಲ್ಲಿರುವುದಿಲ್ಲ. ರಾಜ್ಯದ ಆನ್‌ಲೈನ್ ಪೋರ್ಟಲಿನ ಪಟ್ಟಿಯಲ್ಲಿ ನಿಮ್ಮ ಕಚೇರಿ ಇದ್ದರೆ ಇಷ್ಟೆಲ್ಲ ಇಲ್ಲ, ನೋಂದಣಿ ಸಂಖ್ಯೆಯೇ ಸ್ವೀಕೃತಿ.

ಕ್ಯಾಲೆಂಡರ್

ಅರ್ಜಿ ಕಚೇರಿಗೆ ಮುಟ್ಟಿದ ದಿನವೇ ಮುಂದಿನ ದಿನಾಂಕಗಳನ್ನೆಲ್ಲ ಬರೆದುಬಿಡಿ. ಉದಾಹರಣೆಗೆ ಜೂನ್ 3ರಂದು ಮುಟ್ಟಿತು ಎಂದುಕೊಳ್ಳಿ.

- ಜುಲೈ 3: ಉತ್ತರ ಕೊಡಲು 30 ದಿನ ಮುಗಿಯಿತು. ಉತ್ತರವಿಲ್ಲ ಎಂದರೆ ಕಲಂ 7(2)ರಂತೆ ನಿರಾಕರಿಸಿದ ಹಾಗೆ.
- ಆಗಸ್ಟ್ 2: ಪ್ರಥಮ ಮೇಲ್ಮನವಿಗೆ ಕೊನೆಯ ದಿನ.
- ಮೇಲ್ಮನವಿಯನ್ನು ಜುಲೈ 8ಕ್ಕೇ ಹಾಕಿದಿರಿ ಎಂದಾದರೆ, ಆಗಸ್ಟ್ 7ಕ್ಕೆ 30 ದಿನ, ಆಗಸ್ಟ್ 22ಕ್ಕೆ 45 ದಿನ. ಮೇಲ್ಮನವಿ ಪ್ರಾಧಿಕಾರ 30 ದಿನದೊಳಗೆ ತೀರ್ಮಾನಿಸಬೇಕು, ಕಾರಣ ಬರೆದು 45ರವರೆಗೆ ಎಳೆಯಬಹುದು.
- ಆದೇಶವೇ ಬಾರದಿದ್ದರೆ ದ್ವಿತೀಯ ಮೇಲ್ಮನವಿಗೆ 90 ದಿನ. ಎಣಿಕೆಯನ್ನು 45ನೇ ದಿನದಿಂದ ಹಿಡಿದರೆ ನವೆಂಬರ್ 20. ತಕರಾರು ಬೇಡವೆಂದರೆ 30ನೇ ದಿನದಿಂದಲೇ ಎಣಿಸಿ ನವೆಂಬರ್ 5ರೊಳಗೆ ಹಾಕಿ.

ಈ ಎಣಿಕೆ ಮೂರು ಕಡೆ ಬದಲಾಗುತ್ತದೆ. ಅರ್ಜಿ ಬೇರೆ ಕಚೇರಿಗೆ ವರ್ಗವಾದರೆ (ಅದಕ್ಕೆ ಐದು ದಿನದ ಮಿತಿ ಇದೆ) ಹೊಸ ಕಚೇರಿಗೆ ಮುಟ್ಟಿದ ದಿನದಿಂದ ಎಣಿಸಬೇಕು. ಕೇಳಿದ್ದು ಮೂರನೇ ವ್ಯಕ್ತಿಯ, ಅಂದರೆ ನೀವೂ ಕಚೇರಿಯೂ ಅಲ್ಲದ ಬೇರೊಬ್ಬರ ಮಾಹಿತಿ ಎಂದು ಅವರಿಗೆ ನೋಟಿಸ್ ಹೋದರೆ 40 ದಿನ. ನಕಲಿನ ಹಣ ಕಟ್ಟಿ ಎಂದು ಪತ್ರ ಕಳುಹಿಸಿದ ದಿನದಿಂದ ನೀವು ಕಟ್ಟುವ ದಿನದವರೆಗಿನ ಅವಧಿ ಲೆಕ್ಕಕ್ಕೆ ಬರುವುದಿಲ್ಲ. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ, ಆದರೆ ರಸ್ತೆ ಬಿಲ್ಲಿಗೆ ಅದನ್ನು ಬಳಸಲು ಹೋಗಬೇಡಿ.

ಇಪ್ಪತ್ತೆಂಟನೇ ದಿನ ಬರುವ ಪತ್ರಗಳು

ಸುಮ್ಮನಿರುವ ಕಚೇರಿಗಿಂತ ಏನೋ ಒಂದು ಬರೆದು ಕಳಿಸುವ ಕಚೇರಿ ಹೆಚ್ಚು ಜನರ ಉತ್ಸಾಹ ಇಳಿಸುತ್ತದೆ. ಕೊನೆಯ ವಾರದಲ್ಲಿ ಬರುವ ಪತ್ರಗಳು ಹೆಚ್ಚುಕಡಿಮೆ ಆರೇ ಬಗೆಯವು.

‘ಪುಟಕ್ಕೆ 2 ರೂಪಾಯಿಯಂತೆ ಇಷ್ಟು ಪುಟಕ್ಕೆ ಹಣ ಕಟ್ಟಿ.’ ಇದು ನಿಜಕ್ಕೂ ಒಳ್ಳೆಯ ಸುದ್ದಿ. ತಕ್ಷಣ ಕಟ್ಟಿ, ರಸೀದಿ ಪಡೆಯಿರಿ. ಆದರೆ ಈ ಪತ್ರ 30 ದಿನ ಕಳೆದ ಮೇಲೆ ಬಂದರೆ ಕಲಂ 7(6)ರಂತೆ ಮಾಹಿತಿ ಉಚಿತ. ಹಾಗೆಂದು ಒಂದು ಸಾಲಿನ ಉತ್ತರ ಬರೆಯಿರಿ. ಮೊತ್ತ ಇಪ್ಪತ್ತು ಮೂವತ್ತು ರೂಪಾಯಿಯಾದರೆ ಆ ಹಕ್ಕಿಗಾಗಿ ಮೂರು ತಿಂಗಳು ಕಳೆಯುವುದಕ್ಕಿಂತ ‘ಆಕ್ಷೇಪಣೆಯೊಂದಿಗೆ ಪಾವತಿಸಿದೆ’ ಎಂದು ಬರೆದು ಕಾಗದ ತೆಗೆದುಕೊಳ್ಳುವುದು ಜಾಣತನ.

‘ಕಡತ ಲಭ್ಯವಿಲ್ಲ.’ ಕಲಂ 8ರ ವಿನಾಯಿತಿ ಪಟ್ಟಿಯಲ್ಲಿ ಕಡತ ಕಳೆದುಹೋಗುವುದು ಎಂಬ ಕಾರಣವೇ ಇಲ್ಲ. ಮೇಲ್ಮನವಿಯಲ್ಲಿ ಮೂರು ಕೇಳಿ: ಹುಡುಕಿದ್ದಕ್ಕೆ ಲಿಖಿತ ದಾಖಲೆ, ಕಡತ ಕೊನೆಯದಾಗಿ ಯಾರ ವಶದಲ್ಲಿತ್ತು ಎಂಬ ವಿವರ, ಸಿಗದಿದ್ದರೆ ಹೊಣೆಗಾರಿಕೆ ನಿಗದಿ ಮಾಡುವ ವಿಚಾರಣೆ. ಇಂಥ ವಿಚಾರಣೆಗೆ ಆದೇಶಿಸುವ ಅಧಿಕಾರ ಮಾಹಿತಿ ಆಯೋಗಕ್ಕಿದೆ ಎಂದು 2013ರಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ಕರ್ನಾಟಕದಲ್ಲಿ ಸಾರ್ವಜನಿಕ ದಾಖಲೆಗಳ ಅಧಿನಿಯಮ, 2010 ಕೂಡ ಇದೆ. ಅದರ ಹೆಸರು ಬರೆದ ಕೂಡಲೇ ಕೆಲವು ಕಡತಗಳು ಪತ್ತೆಯಾಗುವುದುಂಟು.

‘ತನಿಖೆ ನಡೆಯುತ್ತಿದೆ.’ ಕಲಂ 8(1)(ಎಚ್) ಇದನ್ನು ಹೇಳುತ್ತದೆ, ಆದರೆ ತನಿಖೆಗೆ ಅಡ್ಡಿಯಾಗುತ್ತದೆ ಎಂದು ತೋರಿಸಿದಾಗ ಮಾತ್ರ. ತನಿಖೆ ಬಾಕಿಯಿದೆ ಎಂಬುದಷ್ಟೇ ಸಾಲದು ಎಂದು 2007ರಲ್ಲೇ ಭಗತ್ ಸಿಂಗ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಸ್ಪಷ್ಟಪಡಿಸಿದೆ. ಹೇಗೆ ಅಡ್ಡಿ ಎಂದು ಕೇಳಿ.

‘ವೈಯಕ್ತಿಕ ಮಾಹಿತಿ.’ ಇದು ಈಗ ಮೊದಲಿಗಿಂತ ಗಟ್ಟಿ ಗೋಡೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಮೂಲಕ ಕಲಂ 8(1)(ಜೆ) ತಿದ್ದುಪಡಿಯಾಗಿ, ಆ ತಿದ್ದುಪಡಿ 2025ರ ನವೆಂಬರಿನಿಂದ ಜಾರಿಯಲ್ಲಿದೆ. ಮೊದಲು ಆ ಉಪಕಲಮಿನೊಳಗೇ ಇದ್ದ ಸಾರ್ವಜನಿಕ ಹಿತದ ಷರತ್ತು ಹೋಗಿದೆ. ಉಳಿದಿರುವುದು ಕಲಂ 8(2): ಮಾಹಿತಿ ಕೊಡುವುದರಿಂದ ಆಗುವ ಸಾರ್ವಜನಿಕ ಹಿತ ಹೆಚ್ಚಿನದಾಗಿದ್ದರೆ ಕೊಡಬಹುದು. ಹಾಗಾಗಿ ಮೇಲ್ಮನವಿಯಲ್ಲಿ ಸಾರ್ವಜನಿಕ ಹಣ, ಸಾರ್ವಜನಿಕ ರಸ್ತೆ ಎಂಬುದನ್ನು 8(2)ರ ಹೆಸರು ಹಿಡಿದೇ ಬರೆಯಬೇಕು. ಜೊತೆಗೆ, ಕೊಡಬಾರದ ಭಾಗವನ್ನು ಬಿಟ್ಟು ಉಳಿದದ್ದನ್ನು ಕೊಡಲು ಹೇಳುವ ಕಲಂ 10 ಇದೆ. ಗುತ್ತಿಗೆದಾರರ ಬ್ಯಾಂಕ್ ಖಾತೆ ಸಂಖ್ಯೆ, ಫೋನ್ ನಂಬರ್ ಮಸಿ ಬಳಿದು ಉಳಿದದ್ದನ್ನು ಕೊಡಿ ಎಂದು ನೀವೇ ಮುಂದಾಗಿ ಸೂಚಿಸಿದರೆ ನಿರಾಕರಣೆಗೆ ಜಾಗ ಕಿರಿದಾಗುತ್ತದೆ.

‘ಜಾಲತಾಣದಲ್ಲಿದೆ, ನೋಡಿಕೊಳ್ಳಿ.’ ನೋಡಿ. ನಿಜವಾಗಿಯೂ ಇದ್ದರೆ ಮುದ್ರಿಸಿಕೊಳ್ಳಿ. ಇ-ಗ್ರಾಮ ಸ್ವರಾಜ್ ತಾಣದಲ್ಲಿ ಪಂಚಾಯಿತಿ ಪಾವತಿಗಳ ವಿವರ ಸಿಗುತ್ತದೆ, ಆದರೆ ಅಳತೆ ಪುಸ್ತಕದ ಪುಟ ಸಿಗುವುದಿಲ್ಲ. ಇಲ್ಲದ್ದನ್ನು ಮೇಲ್ಮನವಿಯಲ್ಲಿ ಬರೆಯಿರಿ.

‘ಕಚೇರಿಗೆ ಬಂದು ಪರಿಶೀಲಿಸಿ.’ ಇದನ್ನು ಅವಮಾನ ಎಂದುಕೊಳ್ಳಬೇಡಿ, ಹೋಗಿ. ಇಡೀ ಕಡತ ಕೈಗೆ ಸಿಗುವ ಅಪರೂಪದ ಸಂದರ್ಭ ಅದು. ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಟಿಪ್ಪಣಿ ಹಾಳೆಗಳ ಪುಟ ಸಂಖ್ಯೆ ಬರೆದುಕೊಂಡು, ಬೇಕಾದ ಪುಟಗಳ ಪಟ್ಟಿಯನ್ನು ಅಲ್ಲೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹೊರಬರುವ ಮೊದಲು ‘ಈ ದಿನ ಇಷ್ಟು ಪುಟದ ಕಡತ ತೋರಿಸಲಾಯಿತು’ ಎಂದು ಬರೆದ ಹಾಳೆಗೆ ಸಹಿ ಹಾಕಿಸಿ. ಮುಂದೆ ಅದೇ ಕಡತ ತೆಳ್ಳಗಾದರೆ ಗೊತ್ತಾಗಬೇಕಲ್ಲ.

ಯಾವ ನಿರಾಕರಣೆಯಾದರೂ ಕಲಂ 7(8)ರಂತೆ ಕಾರಣ, ಮೇಲ್ಮನವಿಯ ಅವಧಿ, ಮೇಲ್ಮನವಿ ಪ್ರಾಧಿಕಾರದ ವಿವರ ಇರಬೇಕು. ಇಲ್ಲದಿದ್ದರೆ ಅದೂ ಮೇಲ್ಮನವಿಗೆ ಒಂದು ಆಧಾರ.

ಪ್ರಥಮ ಮೇಲ್ಮನವಿ: ಇಲ್ಲಿ ಬಿಟ್ಟವರೇ ಹೆಚ್ಚು

ಅದೇ ಇಲಾಖೆಯ ಮೇಲಧಿಕಾರಿಗೆ ಬರೆದು ಏನು ಪ್ರಯೋಜನ ಎಂದು ಜನ ಇದನ್ನು ಹಾರಿಸಲು ನೋಡುತ್ತಾರೆ. ಅನುಮಾನ ತಪ್ಪಲ್ಲ. ತಾಲ್ಲೂಕು ಪಂಚಾಯಿತಿಯಲ್ಲಿ ಈ ಅರ್ಜಿಗಳು ಬೇರೆಲ್ಲ ಕೆಲಸದ ಅಡಿಯಲ್ಲಿ ಕೂತಿರುತ್ತವೆ, ಅಧೀನ ಅಧಿಕಾರಿಯನ್ನು ರಕ್ಷಿಸುವ ಮನಸ್ಸೂ ಇರುತ್ತದೆ. ಆದರೆ ಇದನ್ನು ಮಾಡದೆ ದ್ವಿತೀಯ ಮೇಲ್ಮನವಿ ಇಲ್ಲ. ಇಲ್ಲಿನ ಆದೇಶ ಅಥವಾ ಇಲ್ಲಿನ ಮೌನ ಎರಡೂ ಮುಂದಿನ ಮೆಟ್ಟಿಲಿಗೆ ಬೇಕಾದ ಕಾಗದಗಳೇ.

ಕರ್ನಾಟಕದಲ್ಲಿ ಮೇಲ್ಮನವಿಗೆ ಶುಲ್ಕವಿಲ್ಲ. ಬಿಳಿ ಹಾಳೆ ಸಾಕು. ಮೇಲ್ಭಾಗದಲ್ಲಿ ಅರ್ಜಿಯ ದಿನಾಂಕ, ಮುಟ್ಟಿದ ದಿನಾಂಕ, ಉತ್ತರ ಬಂದಿದ್ದರೆ ಅದರ ಸಂಖ್ಯೆ ಮತ್ತು ದಿನಾಂಕ. ಕೆಳಗೆ ಕ್ರಮಸಂಖ್ಯೆಯಂತೆ ಏನು ಬಂತು, ಏನು ಬರಲಿಲ್ಲ, ಅವರ ಕಾರಣ ಏನು, ಅದು ಯಾಕೆ ಸಲ್ಲದು. ಕೊನೆಗೆ ಕೋರಿಕೆ: ಇಂತಿಂಥ ದಾಖಲೆಗಳನ್ನು ಇಷ್ಟು ದಿನದೊಳಗೆ ಕಲಂ 7(6)ರಂತೆ ಉಚಿತವಾಗಿ ಕೊಡಿಸಬೇಕು, ನನ್ನನ್ನು ವಿಚಾರಣೆಗೆ ಕರೆಯಬೇಕು. ಅರ್ಜಿ, ಸ್ವೀಕೃತಿ, ಉತ್ತರದ ಪ್ರತಿ ಲಗತ್ತಿಸಿ.

ಬರೆಯಬಾರದ್ದು: ಪಿಡಿಒ ಭ್ರಷ್ಟ, ಗುತ್ತಿಗೆದಾರ ಅಧ್ಯಕ್ಷರ ಭಾವಮೈದುನ, ಇತ್ಯಾದಿ. ಅದು ನಿಜವಿದ್ದರೂ ಇಲ್ಲಿ ಕೇಳುವ ಕಿವಿ ಇಲ್ಲ. ಜೊತೆಗೆ ವಿಷಯವನ್ನು ಮಾಹಿತಿಯಿಂದ ವೈಯಕ್ತಿಕ ದ್ವೇಷದ ಕಡೆ ತಿರುಗಿಸಲು ಎದುರಿನವರಿಗೆ ನೀವೇ ಹಿಡಿ ಕೊಟ್ಟಂತಾಗುತ್ತದೆ. ಮೇಲ್ಮನವಿಯಲ್ಲಿ ಹೊಸ ಮಾಹಿತಿಯನ್ನೂ ಕೇಳಬಾರದು. ಏಳನೇ ದಾಖಲೆ ನೆನಪಾದರೆ ಅದಕ್ಕೆ ಹೊಸ ಅರ್ಜಿ.

ದಿನ ಮೀರಿದ್ದರೆ? ಸಾಕಷ್ಟು ಕಾರಣವಿದ್ದರೆ ತಡವಾದ ಮೇಲ್ಮನವಿಯನ್ನೂ ಸ್ವೀಕರಿಸಬಹುದು ಎಂದು ಕಲಂ 19(1) ಹೇಳುತ್ತದೆ. ಆಸ್ಪತ್ರೆಯ ಚೀಟಿಯಂಥ ಪುರಾವೆ ಇದ್ದರೆ ವಿಳಂಬ ಮನ್ನಾ ಕೋರಿ. ಇಲ್ಲದಿದ್ದರೆ ಆ ಅರ್ಜಿಯನ್ನು ಬಿಟ್ಟು ಅದೇ ಆರು ಸಾಲಿನ ಹೊಸ ಅರ್ಜಿ ಹಾಕುವುದು ಬೇಗದ ದಾರಿ.

ದ್ವಿತೀಯ ಮೇಲ್ಮನವಿ ಮತ್ತು ಆಯೋಗ

ರಾಜ್ಯದ ಕಚೇರಿಗಳ ವಿಷಯಕ್ಕೆ ಕರ್ನಾಟಕ ಮಾಹಿತಿ ಆಯೋಗ. ಬೆಂಗಳೂರಿನ ಜೊತೆಗೆ ಬೆಳಗಾವಿ ಮತ್ತು ಕಲಬುರಗಿಯಲ್ಲೂ ಪೀಠಗಳಿವೆ. ಕೇಂದ್ರದ ಕಚೇರಿಗಳಾದರೆ ದೆಹಲಿಯ ಕೇಂದ್ರ ಮಾಹಿತಿ ಆಯೋಗ.

ಇಲ್ಲಿ ಒಂದು ತಪ್ಪು ಅರ್ಜಿದಾರರನ್ನು ವರ್ಷಗಟ್ಟಲೆ ಕಾಡುತ್ತದೆ. ಆಯೋಗಕ್ಕೆ ಹೋಗಲು ಎರಡು ಬಾಗಿಲಿವೆ: ಕಲಂ 18ರ ದೂರು, ಕಲಂ 19(3)ರ ದ್ವಿತೀಯ ಮೇಲ್ಮನವಿ. ದೂರಿಗೆ ಪ್ರಥಮ ಮೇಲ್ಮನವಿ ಬೇಕಿಲ್ಲವಾದ್ದರಿಂದ ಬಹಳ ಜನ ಆ ಬಾಗಿಲಿಗೆ ಹೋಗುತ್ತಾರೆ. ಆದರೆ ಕಲಂ 18ರಡಿ ಆಯೋಗ ದಂಡದ ಕ್ರಮ ಕೈಗೊಳ್ಳಬಹುದೇ ಹೊರತು ಮಾಹಿತಿ ಕೊಡಿಸುವ ಆದೇಶ ಮಾಡುವಂತಿಲ್ಲ ಎಂದು 2011ರಲ್ಲಿ ಮಣಿಪುರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಕಾಗದ ಕೈಗೆ ಬರಬೇಕು ಎಂದಿದ್ದರೆ 19(3)ರಡಿಯೇ ಹೋಗಿ. ಅಧಿಕಾರಿಗೆ ದಂಡ ಬಿದ್ದು ನಿಮಗೆ ದಾಖಲೆ ಸಿಗದಿದ್ದರೆ ರಸ್ತೆಯ ಲೆಕ್ಕ ಹಾಗೇ ಉಳಿಯುತ್ತದೆ.

ದ್ವಿತೀಯ ಮೇಲ್ಮನವಿಗೆ ಮೊದಲ ಪುಟದಲ್ಲೇ ದಿನಾಂಕಗಳ ಪಟ್ಟಿ ಇರಲಿ. ಅದರ ಹಿಂದೆ ಪುಟ ಸಂಖ್ಯೆ ಹಾಕಿ, ಸ್ವಯಂ ದೃಢೀಕರಿಸಿ ಜೋಡಿಸಬೇಕಾದವು: ಮೂಲ ಅರ್ಜಿ, ಶುಲ್ಕದ ಪುರಾವೆ, ಸ್ವೀಕೃತಿ, ಉತ್ತರ, ಪ್ರಥಮ ಮೇಲ್ಮನವಿ, ಅದರ ಸ್ವೀಕೃತಿ, ಆದೇಶ (ಅಥವಾ ‘ಆದೇಶ ಬಂದಿಲ್ಲ’ ಎಂಬ ಹೇಳಿಕೆ). ಒಂದು ಸ್ವೀಕೃತಿ ಇಲ್ಲದಿದ್ದರೂ ಕಡತ ವಾಪಸು ಬರಬಹುದು. ಪಿಡಿಒ ಮತ್ತು ಮೇಲ್ಮನವಿ ಪ್ರಾಧಿಕಾರಕ್ಕೂ ಒಂದೊಂದು ಪ್ರತಿ ಕಳುಹಿಸಿ. ಈ ಪ್ರತಿ ಮುಟ್ಟಿದ ವಾರದಲ್ಲೇ ದಾಖಲೆ ಮನೆ ಬಾಗಿಲಿಗೆ ಬರುವುದೂ ಉಂಟು.

ಬಾರದಿದ್ದರೆ ಕಾಯಬೇಕು. ವಿಚಾರಣೆಯ ನೋಟಿಸ್ ತಿಂಗಳುಗಟ್ಟಲೆ ಬರುವುದಿಲ್ಲ, ವರ್ಷ ದಾಟುವುದೂ ಸಾಮಾನ್ಯ. ಆಯೋಗ ಇಷ್ಟೇ ದಿನದಲ್ಲಿ ತೀರ್ಮಾನಿಸಬೇಕೆಂದು ಕಾಯ್ದೆ ಮಿತಿ ಹಾಕಿಲ್ಲ. ಕಾಯ್ದೆಯ ದೊಡ್ಡ ತೂತು ಇದು. ಈ ಅವಧಿಯಲ್ಲಿ ಸಿಟ್ಟಿಗೆ ಅದೇ ವಿಷಯದ ಮೇಲೆ ಹತ್ತು ಅರ್ಜಿ ಹಾಕುವವರಿದ್ದಾರೆ. ಅದು ಛಲವಲ್ಲ, ಹಠ. ಆಯೋಗದ ಮುಂದೆ ‘ಕಿರುಕುಳ ಕೊಡುವ ಅರ್ಜಿದಾರ’ ಎಂಬ ವಾದಕ್ಕೆ ಅದೇ ಸಾಕ್ಷಿಯಾಗಿ, ನ್ಯಾಯವಾದ ಮೊದಲ ಅರ್ಜಿಯೂ ಸಂಶಯಕ್ಕೆ ಬೀಳುತ್ತದೆ. ಕಾಯುವ ತಿಂಗಳುಗಳಲ್ಲಿ ಮಾಡಬೇಕಾದ ಕೆಲಸ ಬೇರೆ: ಅದೇ ಕಾಮಗಾರಿಯ ಕಾಗದ ಇನ್ನೆಲ್ಲಿದೆ ಎಂದು ನೋಡುವುದು. ತಾಂತ್ರಿಕ ಮಂಜೂರಾತಿ ಕೊಟ್ಟ ಎಂಜಿನಿಯರಿಂಗ್ ಉಪವಿಭಾಗದಲ್ಲಿ ಅಂದಾಜು ಪಟ್ಟಿಯ ಪ್ರತಿ ಇರುತ್ತದೆ, ಲೆಕ್ಕಪರಿಶೋಧನಾ ವರದಿ ಬೇರೆ ಕಚೇರಿಯಲ್ಲಿರುತ್ತದೆ. ಆ ಕಚೇರಿಗಳಿಗೆ ಒಂದೊಂದು ಚಿಕ್ಕ ಅರ್ಜಿ ಹಾಕಿದರೆ ಒಂದು ಕಡೆ ಮುಚ್ಚಿದ್ದು ಇನ್ನೊಂದು ಕಡೆ ತೆರೆಯುತ್ತದೆ. ಗ್ರಾಮಸಭೆಯಲ್ಲೂ ಖರ್ಚಿನ ವಿವರ ಕೇಳಿ, ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆಸಿ.

ವಿಚಾರಣೆಯ ದಿನ ನಿಮಗೆ ಸಿಗುವುದು ಐದು ಹತ್ತು ನಿಮಿಷ. ಒಂದು ಪುಟದ ಲಿಖಿತ ಹೇಳಿಕೆ ಒಯ್ಯಿರಿ: ಏನು ಬಾಕಿ, ಎಷ್ಟು ದಿನ ತಡ, ಏನು ಕೋರಿಕೆ. ನಿರಾಕರಣೆ ಸರಿ ಎಂದು ತೋರಿಸುವ ಹೊರೆ ಕಲಂ 19(5)ರಂತೆ ಅಧಿಕಾರಿಯ ಮೇಲಿದೆ, ನಿಮ್ಮ ಮೇಲಲ್ಲ. ಕಲಂ 20ರಂತೆ ದಂಡ ದಿನಕ್ಕೆ 250 ರೂಪಾಯಿ, ಗರಿಷ್ಠ 25,000. ಅದು ಅಧಿಕಾರಿಯ ಮೇಲೇ ಬೀಳುವ ದಂಡ, ನಿಮಗೆ ಬರುವ ಹಣವಲ್ಲ. ನಿಮಗಾದ ನಷ್ಟಕ್ಕೆ ಪರಿಹಾರ ಬೇಕಿದ್ದರೆ ಕಲಂ 19(8)(ಬಿ) ಹೆಸರಿಸಿ ಪ್ರತ್ಯೇಕವಾಗಿ ಕೇಳಬೇಕು, ಬಸ್ ಟಿಕೆಟ್ಟು, ಝೆರಾಕ್ಸ್ ಬಿಲ್ಲು ಲಗತ್ತಿಸಿ.

ವಿಚಾರಣೆಯ ಹೊತ್ತಿಗೆ ಒಂದು ಕಟ್ಟು ಕಾಗದ ಕೊಟ್ಟು ‘ಮಾಹಿತಿ ತಲುಪಿದೆ’ ಎಂದು ಸಹಿ ಕೇಳುವುದು ಹಳೆಯ ರೂಢಿ. ಓದದೆ ಸಹಿ ಹಾಕಬೇಡಿ. ‘ಇಷ್ಟು ಪುಟ ಸ್ವೀಕರಿಸಿದೆ, ಪರಿಶೀಲನೆಗೆ ಒಳಪಟ್ಟು’ ಎಂದು ನಿಮ್ಮ ಕೈಯಲ್ಲೇ ಬರೆದು ಸಹಿ ಮಾಡಿ, ಪರಿಶೀಲಿಸಲು ಸಮಯ ಬೇಕೆಂದು ಆಯೋಗಕ್ಕೆ ಹೇಳಿ. ಇಲ್ಲವಾದರೆ ಪ್ರಕರಣ ಅಲ್ಲೇ ಮುಕ್ತಾಯ.

ಆದೇಶ ನಿಮ್ಮ ಪರವಾಗಿ ಬಂದು, ಅದರಲ್ಲಿ ಹೇಳಿದ ಗಡುವಿನೊಳಗೆ ದಾಖಲೆ ಬಾರದಿದ್ದರೆ ಮರುದಿನವೇ ‘ಆದೇಶ ಪಾಲನೆಯಾಗಿಲ್ಲ’ ಎಂದು ಪ್ರಕರಣ ಸಂಖ್ಯೆಯೊಂದಿಗೆ ಆಯೋಗಕ್ಕೆ ಬರೆಯಿರಿ. ಆಯೋಗದ ಮೇಲೆ ಮತ್ತೆ ಮೇಲ್ಮನವಿ ಇಲ್ಲ, ಹೈಕೋರ್ಟಿನ ರಿಟ್ ಮಾತ್ರ. ವಕೀಲರು ಬೇಕಾಗುವುದು ಅಲ್ಲಿ.

ಒತ್ತಡ ಬಂದಾಗ

ಸಣ್ಣ ಊರಿನಲ್ಲಿ ಅರ್ಜಿ ಹಾಕಿದವರು ಯಾರೆಂಬುದು ಸಂಜೆಯೊಳಗೆ ಗುತ್ತಿಗೆದಾರರಿಗೂ ಗೊತ್ತಾಗುತ್ತದೆ. ದೇಶದ ಹಲವೆಡೆ ಅರ್ಜಿದಾರರ ಮೇಲೆ ಹಲ್ಲೆ, ಕೊಲೆಗಳಾಗಿವೆ. ಹೀಗಾಗಿ ಕಡತದ ಒಂದು ಪೂರ್ತಿ ಪ್ರತಿ ಇನ್ನೊಬ್ಬರ ಮನೆಯಲ್ಲಿರಲಿ. ‘ಒಮ್ಮೆ ಕೂತು ಮಾತಾಡೋಣ ಬನ್ನಿ’ ಎಂಬ ಕರೆಗೆ ಒಬ್ಬರೇ ಹೋಗಬೇಡಿ. ಬೆದರಿಕೆ ಬಂದರೆ ಠಾಣೆಗೆ ಲಿಖಿತ ದೂರು ಕೊಟ್ಟು ಅದರ ಪ್ರತಿಯನ್ನು ಆಯೋಗಕ್ಕೂ ಕಳುಹಿಸಿ. ಬೇರೆ ಬೇರೆ ಬೀದಿಯ ನಾಲ್ವರು ಅದೇ ದಾಖಲೆಯ ಒಂದೊಂದು ಸಾಲನ್ನು ಬೇರೆ ಬೇರೆ ಅರ್ಜಿಯಲ್ಲಿ ಕೇಳಿದರೆ ಭಾರ ಒಬ್ಬರ ಮೇಲೆ ಬೀಳುವುದಿಲ್ಲ. ಹಣ ಕೊಟ್ಟು ಅರ್ಜಿ ವಾಪಸು ಪಡೆಯಿರಿ ಎನ್ನುವವರೂ ಬರುತ್ತಾರೆ. ಅದನ್ನು ಪಡೆದ ಕ್ಷಣಕ್ಕೆ ನೀವು ಸುಲಿಗೆ ಪ್ರಕರಣದ ಆರೋಪಿಯಾಗಬಹುದು.

ಕಾಗದ ಕೈಗೆ ಬಂದ ಮೇಲೆ

ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕವನ್ನು ಪಕ್ಕಪಕ್ಕ ಇಡಿ. ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ದಪ್ಪ ಮತ್ತು ಘನ ಮೀಟರ್ ಬರೆದಿರುತ್ತದೆ. 100 ಮೀಟರ್ ಉದ್ದ, 3 ಮೀಟರ್ ಅಗಲ, 0.15 ಮೀಟರ್ ದಪ್ಪ ಎಂದಿದ್ದರೆ 45 ಘನ ಮೀಟರ್ ಕಾಂಕ್ರೀಟಿಗೆ ಬಿಲ್ಲಾಗಿರಬೇಕು. ಈಗ ಟೇಪು ಹಿಡಿದು ಬೀದಿಗೆ ಹೋಗಿ. ಉದ್ದ ಅಗಲ ಸುಲಭ. ದಪ್ಪವನ್ನು ರಸ್ತೆಯ ಅಂಚು ಒಡೆದಿರುವ ಮೂರು ನಾಲ್ಕು ಕಡೆ ಅಳೆದು, ಪಕ್ಕದಲ್ಲಿ ಟೇಪು ಕಾಣುವಂತೆ ಫೋಟೊ ತೆಗೆಯಿರಿ. ನೀವಾಗಿ ರಸ್ತೆ ಅಗೆಯಬೇಡಿ, ಅದು ಸಾರ್ವಜನಿಕ ಆಸ್ತಿಗೆ ಹಾನಿಯಾಗುತ್ತದೆ. ದಪ್ಪ ಎಲ್ಲ ಕಡೆ 0.10 ಮೀಟರ್ ಬಂದರೆ 30 ಘನ ಮೀಟರ್ ಆಯಿತು, 15 ಘನ ಮೀಟರಿನ ಲೆಕ್ಕ ಕೇಳಬೇಕು. ಅಳತೆ ಬರೆದ ದಿನಾಂಕ, ಬಿಲ್ಲಿನ ದಿನಾಂಕ, ಫೋಟೊಗಳ ದಿನಾಂಕ ಒಂದಕ್ಕೊಂದು ಹೊಂದುತ್ತವೆಯೇ ಎಂದೂ ನೋಡಿ. ಕಾಮಗಾರಿ ಮುಗಿಯುವ ಮೊದಲೇ ಪೂರ್ತಿ ಹಣ ಪಾವತಿಯಾಗಿರುವುದು ಇಲ್ಲಿಯೇ ಸಿಕ್ಕಿಬೀಳುತ್ತದೆ.

ವ್ಯತ್ಯಾಸ ಕಂಡರೆ ದೃಢೀಕೃತ ನಕಲುಗಳೊಂದಿಗೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಸ್ಥಳ ತನಿಖೆ ಕೋರಿ ಬರೆಯಿರಿ. ಲೋಕಾಯುಕ್ತಕ್ಕೆ ಹೋಗುವುದಾದರೆ ನಿಗದಿತ ನಮೂನೆಯ ದೂರಿನ ಜೊತೆ ಪ್ರಮಾಣಪತ್ರವೂ ಬೇಕು. ಅದನ್ನು ನೋಟರಿಯಲ್ಲಿ ಮಾಡಿಸಿ, ಮೂಲ ದಾಖಲೆಗಳನ್ನು ನಿಮ್ಮಲ್ಲೇ ಇಟ್ಟುಕೊಂಡು ಝೆರಾಕ್ಸ್ ಪ್ರತಿಗಳನ್ನು ಲಗತ್ತಿಸಿ.